ಮರದ ಸರ್ಫ್‌ಬೋರ್ಡ್: ಟೊಳ್ಳು ಗೂಡು ಕಟ್ಟುವುದೋ, ಹಲಗೆ ಕೊರೆಯುವುದೋ?

ಹತ್ತಿರದಲ್ಲಿ ಬೆಳೆಯುವ ಮರದಿಂದಲೇ ಸರ್ಫ್‌ಬೋರ್ಡ್ (ಅಲೆಗಳ ಮೇಲೆ ನಿಂತು ಜಾರುವ ಹಲಗೆ) ಮಾಡುವುದಾದರೆ ಮೊದಲು ತೂಕ ನೋಡಿ. ಬಣ್ಣ, ಚೆಂದ ಎಲ್ಲ ಆಮೇಲೆ. ಚೆನ್ನಾಗಿ ಒಣಗಿದ ಮರದಿಂದ ಉದ್ದ, ಅಗಲ, ಎತ್ತರ ಮೂರೂ 10 ಸೆಂ.ಮೀ. ಇರುವ ತುಂಡು ಕೊಯ್ದು ತೂಗಿ. ಎಷ್ಟು ಗ್ರಾಂ ತೂಗುತ್ತದೋ, ಒಂದು ಘನ ಮೀಟರ್ ಮರ ಅಷ್ಟೇ ಕಿಲೋ ತೂಗುತ್ತದೆ. ಬಾಲ್ಸಾ ಸುಮಾರು 160, ಪೌಲೋನಿಯಾ 280, ಕೆಂಪು ಸೀಡರ್ 370, ತೇಗ 650ರ ಆಸುಪಾಸು. ಗೂಡು ಕಟ್ಟುವುದೋ, ಕೊರೆಯುವುದೋ ಎಂದು ಈ ಅಂಕಿಯಿಂದಲೇ ತೀರ್ಮಾನವಾಗುತ್ತದೆ.

ಗೂಡಿನ ವಿಧಾನದಲ್ಲಿ 4 ಮಿ.ಮೀ. ಪ್ಲೈವುಡ್‌ನ ಬೆನ್ನೆಲುಬಿಗೆ 25-30 ಸೆಂ.ಮೀ. ಅಂತರದಲ್ಲಿ ಪಕ್ಕೆಲುಬುಗಳನ್ನು ಸಿಕ್ಕಿಸಿ, ಮೇಲೆ ಕೆಳಗೆ 6 ಮಿ.ಮೀ. ಪಟ್ಟಿ ಅಂಟಿಸುತ್ತೇವೆ. 9 ಅಡಿಯ ಬೋರ್ಡಿಗೆ ಎರಡೂ ಮುಖ ಸೇರಿ ಸುಮಾರು 2.3 ಚದರ ಮೀಟರ್. ಸೀಡರ್ ಆದರೆ ಪಟ್ಟಿಗಳೇ 5 ಕಿಲೋ, ಪೌಲೋನಿಯಾ ಆದರೆ 4ಕ್ಕಿಂತ ಕಡಿಮೆ, ತೇಗವಾದರೆ 9. ಗೂಡು, ಅಂಚು, ಎಪಾಕ್ಸಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು) ಸೇರಿ ಇನ್ನೊಂದು 4-5 ಕಿಲೋ ಏರುತ್ತದೆ. ಹಾಗಾಗಿ ತೇಗದಂಥ ಮರ ನಡುವೆ ಒಂದೆರಡು ಅಲಂಕಾರದ ಪಟ್ಟಿಗೆ ಸಾಕು. ಮೂತಿಯ ಬಾಗಿನಲ್ಲಿ ಗಂಟು ಬಂದರೆ ಪಟ್ಟಿ ಅಲ್ಲೇ ಸೀಳುತ್ತದೆ. ಗಂಟಿಲ್ಲದ, ನೇರ ಎಳೆಯ ಪಟ್ಟಿಗಳನ್ನು ಅಲ್ಲಿಗೆಂದೇ ಎತ್ತಿಡಿ. ಅಂಚಿನ ಹತ್ತಿರ ಮರಳು ಕಾಗದ ಉಜ್ಜುವಾಗ ಕೈ ಹಗುರವಾಗಿರಲಿ, 6 ಮಿ.ಮೀ. ಬೇಗ 3 ಆಗುತ್ತದೆ.

ಕೊರೆಯುವ ವಿಧಾನಕ್ಕೆ 7-8 ಸೆಂ.ಮೀ. ದಪ್ಪದ ಹಲಗೆಗಳು ಬೇಕು. ಅವನ್ನು ಅಲ್ಲಲ್ಲಿ ಅಂಟಿನ ಬೊಟ್ಟಿಟ್ಟು ಜೋಡಿಸಿ, ಹೊರ ಆಕಾರ ಕೊಟ್ಟು, ಬಿಡಿಸಿ, 12 ಮಿ.ಮೀ. ಗೋಡೆ ಉಳಿಯುವಂತೆ ಒಳಗೆ ಕೊರೆದು, ಮತ್ತೆ ಪೂರ್ತಿ ಅಂಟಿಸಬೇಕು. ಅರ್ಧಕ್ಕಿಂತ ಹೆಚ್ಚು ಮರ ಹೊಟ್ಟಾಗುತ್ತದೆ. ಪೂರ್ತಿ ಬೋರ್ಡ್ ಪೌಲೋನಿಯಾದಲ್ಲೂ 11 ಕಿಲೋ, ಸೀಡರ್‌ನಲ್ಲಿ 14 ದಾಟುತ್ತದೆ. ಮೊಣಕಾಲು ಊರಿದರೂ ತಗ್ಗು ಬೀಳದ ಗಟ್ಟಿತನ ಇದರದು. ಅಂಚನ್ನು ಕೀಸುಳಿಯಿಂದ ಧಾರಾಳವಾಗಿ ತಿದ್ದಬಹುದು. ಆದರೂ ಘನ ಮೀಟರಿಗೆ 300 ಕಿಲೋಗಿಂತ ಹಗುರ ಮರ ಸಿಗದಿದ್ದರೆ ಇದಕ್ಕೆ ಕೈಹಾಕಬೇಡಿ. ಬಹುಪಾಲು ಮರಗಳಿಗೆ ಗೂಡೇ ಸರಿ.

ಎರಡಕ್ಕೂ ಶತ್ರು ಒಳಗಿನ ಗಾಳಿ. ಬಿಸಿಲಿಗೆ ಅದು ಹಿಗ್ಗಿ ಬೆಸುಗೆ ಬಿರಿಯುತ್ತದೆ. ಕಾದ ಬೋರ್ಡನ್ನು ತಣ್ಣೀರಿಗಿಳಿಸಿದರೆ ಗಾಳಿ ಕುಗ್ಗಿ ಕೂದಲೆಳೆಯ ಬಿರುಕಿನಿಂದಲೂ ನೀರನ್ನು ಒಳಗೆಳೆಯುತ್ತದೆ. ಮೇಲ್ಮೈಯಲ್ಲಿ ತಿರುಪಿನ ಬಿರಡೆ ಇರಲಿ: ದಡದಲ್ಲಿ ತೆರೆದು, ನೀರಿಗಿಳಿಯುವ ಮುನ್ನ ಮುಚ್ಚಿ. ಗೂಡಿನ ಪಕ್ಕೆಲುಬುಗಳಲ್ಲಿ ಗಾಳಿ ಓಡಾಡುವ ತೂತು ಹೇಗೂ ಇರುತ್ತದೆ. ಕೊರೆದ ಬೋರ್ಡಿನಲ್ಲಿ ಪ್ರತಿ ಒಳಗೋಡೆಗೂ 10 ಮಿ.ಮೀ. ತೂತು ಹಾಕಲು ಮರೆತರೆ ಬಿರಡೆ ಒಂದೇ ಕೋಣೆಗೆ ಉಪಯೋಗ.

ಮರದ ತೇವಾಂಶ 8-12%ಗೆ ಇಳಿದ ಮೇಲೆಯೇ ಅಂಟು. ಬೋರ್ಡಿಗೆ ಫೈಬರ್‌ಗ್ಲಾಸ್ (ಗಾಜಿನ ನಾರಿನ) ಬಟ್ಟೆ ಹೊದಿಸಿ ಎಪಾಕ್ಸಿಯನ್ನು ಸಂಜೆ, ತಾಪ ಇಳಿಯುವ ಹೊತ್ತಿನಲ್ಲಿ ಬಳಿಯಿರಿ. ಬೆಳಿಗ್ಗೆ ಬಳಿದರೆ ಮರ ಬಿಸಿಯಾಗುತ್ತ ಗಾಳಿ ಬಿಟ್ಟು ಬಟ್ಟೆಯಡಿ ಗುಳ್ಳೆ ಏಳುತ್ತದೆ. ಬೋರ್ಡಿನ ಕೆಳಗೆ ಬಟ್ಟೆಯ ಒಂದು ಪದರ, ಕಾಲೂರುವ ಕಡೆ ಎರಡು.