ಆರು ವರ್ಷ ಬಳಸಿದ ಮೇಲೆ: ಕನ್ನಡ ಅಕ್ಷರದ ರಬ್ಬರ್ ಸ್ಟ್ಯಾಂಪುಗಳು

ಸಂಕ್ರಾಂತಿಗೆ ಎಳ್ಳು ಬೀರುವಾಗ ಪ್ರತಿ ಪೊಟ್ಟಣದ ಜೊತೆ ಕೈಯಲ್ಲಿ ಮಾಡಿದ ಒಂದು ಪುಟ್ಟ ಕಾರ್ಡ್ ಇಡಬೇಕು ಅನ್ನೋ ಆಸೆಯಿಂದ ಇದೆಲ್ಲ ಶುರುವಾಯಿತು. ಅದಕ್ಕೆ ಆಗಲೇ ಆರು ವರ್ಷ. ಹೂವು, ಚಿಟ್ಟೆ, ಇಂಗ್ಲಿಷ್ ಶುಭಾಶಯದ ಸ್ಟ್ಯಾಂಪುಗಳು ಆನ್‌ಲೈನಿನಲ್ಲಿ ಬೇಕಾದಷ್ಟು ಸಿಗುತ್ತವೆ. ಕನ್ನಡದ್ದನ್ನು ನಾನು ಮಾಡಿಸಿಕೊಳ್ಳಬೇಕಾಯಿತು. 26 ಅಕ್ಷರದ ಸೆಟ್ ತಂದು ಜೋಡಿಸೋಣ ಅಂದರೆ ನಮ್ಮಲ್ಲಿ ಗುಣಿತ, ಒತ್ತು ಎಲ್ಲ ಇದೆಯಲ್ವಾ! ಹಾಗಾಗಿ ಮೈಸೂರಿನಲ್ಲಿ ಆಫೀಸ್ ಸೀಲ್ ಮಾಡಿಕೊಡುವ ಅಂಗಡಿಗೇ ಹೋದೆ.

ಮೊದಲನೆಯದು ಕೆಟ್ಟಿತು. 'ಎಳ್ಳು ಬೆಲ್ಲ' ಅಂತ ಮೆಸೇಜಿನಲ್ಲಿ ಬರೆದು ಕಳಿಸಿದ್ದೆ. ಅವರ ಕಂಪ್ಯೂಟರಿನಲ್ಲಿ ಅಕ್ಷರ ಒಡೆದು, ಒತ್ತು ಪಕ್ಕಕ್ಕೆ ಬಂದು ಕೂತಿತ್ತು. ಹಾಗೇ ರಬ್ಬರಿನಲ್ಲಿ ಕೊರೆದುಬಿಟ್ಟಿದ್ದರು. ಎರಡನೇ ಸಲ ಕೈಯಲ್ಲೇ ಬರೆದು ಸ್ಕ್ಯಾನ್ ಮಾಡಿ ಕೊಟ್ಟೆ. ಅಕ್ಷರ ಸರಿಯಾಗಿತ್ತು, ಆದರೆ ತೀರಾ ಸಣ್ಣದು. 'ಳ್ಳು' ಸಂದಿನಲ್ಲಿ ಶಾಯಿ ತುಂಬಿ ಕಪ್ಪು ಉಂಡೆಯಾಯಿತು. ಮೂರನೇ ಸಲ ಅಕ್ಷರವನ್ನು ಒಂದು ಸೆಂಟಿಮೀಟರ್ ಎತ್ತರ ಮಾಡಿ, ಅಕ್ಷರಕ್ಕೂ ಒತ್ತಿಗೂ ನಡುವೆ ಒಂದು ಮಿಲಿಮೀಟರ್ ಜಾಗ ಬಿಟ್ಟೆ. ಎರಡು ಪದಕ್ಕೂ ಬೇರೆ ಬೇರೆ ಮರದ ಹಿಡಿ ಹಾಕಿಸಿದೆ. ಆ ಜೋಡಿ ಇವತ್ತಿಗೂ ಹೊಸದರ ಹಾಗೇ ಅಚ್ಚು ಕೊಡುತ್ತೆ.

ಪಾರದರ್ಶಕ ಸ್ಟ್ಯಾಂಪುಗಳೂ ನನ್ನ ಹತ್ತಿರ ಇವೆ. ಅಕ್ರಿಲಿಕ್ ಬ್ಲಾಕಿಗೆ ಅಂಟಿಸಿ ಒತ್ತುವಾಗ ಎಲ್ಲಿ ಬೀಳುತ್ತೆ ಅಂತ ಮೇಲಿಂದಲೇ ಕಾಣುತ್ತೆ. ಫೋಟೊಪಾಲಿಮರ್ ಅನ್ನೋ ಮೆತ್ತನೆ ಪ್ಲಾಸ್ಟಿಕ್ಕಿನದ್ದು ಚೆನ್ನಾಗಿದೆ. ಬಿಸಿಲಿಗೆ ಹಳದಿಯಾದರೂ ಅಚ್ಚು ಕೆಡುವುದಿಲ್ಲ. ಧೂಳು ಕೂತು ಬ್ಲಾಕಿಗೆ ಅಂಟದಿದ್ದರೆ ಸೋಪಿನ ನೀರಿನಲ್ಲಿ ತೊಳೆದರೆ ಸಾಕು. ಅಗ್ಗಕ್ಕೆ ಸಿಕ್ಕಿತು ಅಂತ ತಂದ ಸಿಲಿಕೋನ್ ಸೆಟ್ ಮಾತ್ರ ದಂಡ. ಶಾಯಿ ಅದರ ಮೇಲೆ ಹರಡದೆ ಹನಿಹನಿಯಾಗಿ ನಿಲ್ಲುತ್ತೆ.

ನಿಜ ಹೇಳಬೇಕೆಂದರೆ ಸ್ಟ್ಯಾಂಪಿಗಿಂತ ಶಾಯಿ, ಕಾಗದದ ಮೇಲೆ ಜಾಸ್ತಿ ಗಮನ ಬೇಕು. ಆಫೀಸಿನ ನೇರಳೆ ಪ್ಯಾಡ್ ಕೈಕಾಗದದ ಮೇಲೆ ಹರಡಿಕೊಳ್ಳುತ್ತೆ. ನಾನು ಕೊನೆಗೆ ನೆಚ್ಚಿಕೊಂಡಿದ್ದು ವರ್ಸಾಫೈನ್ ಅನ್ನೋ ಬ್ರ್ಯಾಂಡಿನ ಕಪ್ಪು ಪ್ಯಾಡ್. ಪಿಗ್ಮೆಂಟ್ (ಬಣ್ಣದ ಪುಡಿಯ) ಶಾಯಿ ಆದ್ದರಿಂದ ಸಣ್ಣ ಗೆರೆಯೂ ಚೂಪಾಗಿ ಬರುತ್ತೆ. ಆದರೆ ನಯವಾದ ಕಾಗದದ ಮೇಲೆ ಬೇಗ ಒಣಗುವುದಿಲ್ಲ. ಮಳೆಗಾಲದಲ್ಲಿ ಸಾಗರದ ಅಕ್ಕನ ಮನೆಯಲ್ಲಿ ಕಾರ್ಡುಗಳನ್ನು ರಾತ್ರಿಯಿಡೀ ಹರಡಿಟ್ಟಿದ್ದೆವು, ಬೆಳಿಗ್ಗೆಯೂ ಬೆರಳಿಗೆ ಹತ್ತುತ್ತಿತ್ತು. ಕಾರ್ಡಿಗೆ 250 ರಿಂದ 300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಕಾಗದ ಸರಿ. ಒತ್ತುವಾಗ ಕೆಳಗೆ ನಾಲ್ಕು ಮಡಿಕೆ ನ್ಯೂಸ್‌ಪೇಪರ್ ಇಡಿ, ಸ್ಟ್ಯಾಂಪನ್ನು ಅಲುಗಿಸಬೇಡಿ.

ಆ ಮಳೆಯಲ್ಲೇ ಅಕ್ಕನ ಮಗಳಿಗೆ ಒಂದು ಪುಸ್ತಕ ಮಾಡಿಕೊಟ್ಟೆ. ಒಂದೇ ಎ4 ಹಾಳೆ, ಎಂಟು ಪುಟ, ನಡುವೆ ಒಂದೇ ಒಂದು ಕತ್ತರಿ ಗೀಟು. ಹೊಲಿಗೆ ಬೇಡ, ಅಂಟು ಬೇಡ. ಒಂದು ಇರುವೆ ಸ್ಟ್ಯಾಂಪಿನಲ್ಲೇ ಪೂರ್ತಿ ಪುಸ್ತಕ: ಮುಖಪುಟ ಬಿಟ್ಟು ಮೊದಲ ಪುಟದಲ್ಲಿ ಒಂದು ಇರುವೆ, ಆಮೇಲೆ ಎರಡು, ಹೀಗೆ ಆರರವರೆಗೆ ಸಾಲಾಗಿ ಬೆಲ್ಲದ ಕಡೆಗೆ. ಹಾಳೆ ಬಿಚ್ಚಿದಾಗ ಒಂದು ಸಾಲಿನ ಪುಟಗಳು ತಲೆಕೆಳಗಾಗಿರುತ್ತವೆ. ಅದಕ್ಕೇ ಮೊದಲು ಮಡಚಿ, ಪೆನ್ಸಿಲಿನಲ್ಲಿ ನಂಬರ್ ಹಾಕಿ, ಬಿಚ್ಚಿ, ಆಮೇಲೆ ಒತ್ತಬೇಕು. ಕೊನೆಯ ಹಿಂಬದಿ ಪುಟ ಖಾಲಿ ಇತ್ತು. ಏಳನೇ ಇರುವೆಯನ್ನು ಅವಳೇ ಒತ್ತಿದಳು, ಸ್ವಲ್ಪ ಓರೆಯಾಗಿ. ನನಗೆ ಆ ಪುಟವೇ ಇಷ್ಟ.

ನಿರ್ವಹಣೆ ಅಂತ ದೊಡ್ಡದೇನಿಲ್ಲ. ಒದ್ದೆ ಬಟ್ಟೆಯಲ್ಲಿ ತಕ್ಷಣ ಒರೆಸಿ. ಥಿನ್ನರ್, ಪೆಟ್ರೋಲ್ ಹತ್ತಿರ ತರಬೇಡಿ, ರಬ್ಬರ್ ಹಾಳಾಗುತ್ತೆ. ಐದನೇ ವರ್ಷ ಇರುವೆಯ ರಬ್ಬರ್ ಹಿಡಿಯಿಂದ ಕಿತ್ತು ಬಂತು, ಅಂಟು ಹಾಕಿ ಕೂರಿಸಿದೆ.

ನೀವು ಮಾಡಿಸುವುದಾದರೆ ಪದಗಳನ್ನು ಬಿಡಿಬಿಡಿಯಾಗಿ ಮಾಡಿಸಿ. ನಾನು ಯುಗಾದಿ ಕಾರ್ಡಿಗೆ 'ಬೇವು' ಒಂದನ್ನೇ ಹೊಸದಾಗಿ ಮಾಡಿಸಿದ್ದು. 'ಬೆಲ್ಲ' ಮನೆಯಲ್ಲೇ ಇತ್ತು.