ಗೀರು ಬೇರೆ, ಒಡಕು ಬೇರೆ: ಹೊಲದಲ್ಲಿ ಎರಡು ಫೋನ್ ಬಳಸಿದ ಅನುಭವ

ನಾನು ಕೊಪ್ಪಳ ಜಿಲ್ಲೆಯಲ್ಲಿ ಪರವಾನಗಿ ಭೂಮಾಪಕ. ಜಮೀನಿನ ಗಡಿ ಗುರುತಿಸುವ ಹದ್ದುಬಸ್ತು, ಸರ್ವೆ ನಂಬರ್ ಭಾಗ ಮಾಡುವ ಪೋಡಿ, ಜಮೀನಿನ ಒಂದು ಭಾಗ ಮಾರುವಾಗ ಬೇಕಾಗುವ 11ಇ ನಕ್ಷೆ, ಇದೇ ದಿನದ ಕೆಲಸ. ವಾರದಲ್ಲಿ ನಾಲ್ಕು ದಿನವಾದರೂ ಯಾರದಾದರೂ ಹೊಲದಲ್ಲಿರುತ್ತೇನೆ. ಫೋನ್ ಅಂತೂ ಕೈ ಬಿಡುವುದಿಲ್ಲ. ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಬೇಕು, ಗಡಿಯ ಬಾಂದು ಕಲ್ಲಿನ ಫೋಟೊ ತೆಗೆಯಬೇಕು, ರೈತರಿಗೆ ಪಹಣಿ ತೋರಿಸಬೇಕು. ಎಲ್ಲ ಬಿಸಿಲಲ್ಲಿ, ಧೂಳಲ್ಲಿ. ಫೋನ್ ಕೊಳ್ಳುವ ಮುಂಚೆ ನಾನು ಓದಿದ ವಿಮರ್ಶೆಗಳೆಲ್ಲ ಮನೆಯೊಳಗೆ, ಎರಡು ವಾರ ಬಳಸಿ ಬರೆದವು. ನನ್ನ ಹಾಗೆ ಹೊರಗೆ ದುಡಿಯುವವರಿಗೆ ಬೇಕಾದ ಮಾತು ಅದರಲ್ಲಿ ಸಿಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಫೋನ್ 2019ರ ಕೊನೆಗೆ ತಗೊಂಡ ಎಲ್‌ಸಿಡಿ ಸ್ಕ್ರೀನಿನದು, ₹12,000. ಎರಡನೆಯದು 2022ರ ಜುಲೈಯಲ್ಲಿ ತಗೊಂಡ ಅಮೊಲೆಡ್, ₹21,000. ಇದು ಈಗಲೂ ಜೇಬಿನಲ್ಲಿದೆ. ಎರಡೂ ಚಪ್ಪಟೆ ಸ್ಕ್ರೀನಿನವು. ಕಂಪನಿಗಳ ಹೆಸರು ಹೇಳುವುದಿಲ್ಲ, ಇಲ್ಲಿರುವ ಮಾತು ಸ್ಕ್ರೀನಿನದು ಮತ್ತು ಗಾಜಿನದು.

ಮೊದಲು ಬಿಸಿಲು. ಎಲ್‌ಸಿಡಿಯಲ್ಲಿ ಹಿಂದೆ ಒಂದು ಬ್ಯಾಕ್‌ಲೈಟ್ ಉರಿಯುತ್ತಲೇ ಇರುತ್ತದೆ. ಮುಂದಿನ ಲಿಕ್ವಿಡ್ ಕ್ರಿಸ್ಟಲ್ ಪದರ ಆ ಬೆಳಕನ್ನು ಬೇಕಾದಷ್ಟು ಬಿಡುತ್ತದೆ, ಬೇಡವಾದಷ್ಟು ತಡೆಯುತ್ತದೆ. ಪೂರ್ತಿ ತಡೆದರೂ ಸ್ವಲ್ಪ ಸೋರುತ್ತದೆ. ಆದ್ದರಿಂದಲೇ ಅದರ ಕಪ್ಪು ಬಣ್ಣ ಕತ್ತಲಲ್ಲಿ ಬೂದಿಯ ಹಾಗೆ ಕಾಣುತ್ತದೆ. ಅಮೊಲೆಡ್‌ಗೆ ಬ್ಯಾಕ್‌ಲೈಟೇ ಇಲ್ಲ. ಒಂದೊಂದು ಚುಕ್ಕಿಯೂ ತಾನೇ ಹೊತ್ತಿಕೊಳ್ಳುತ್ತದೆ, ಕಪ್ಪು ಬೇಕಾದಲ್ಲಿ ಆರಿರುತ್ತದೆ.

ನನ್ನ ಎಲ್‌ಸಿಡಿ ಫೋನಿನ ಗರಿಷ್ಠ ಬೆಳಕು ಸುಮಾರು 450 ನಿಟ್ಸ್. ಮನೆಯಲ್ಲಿ ಇದು ಧಾರಾಳ. ಆದರೆ ಮಧ್ಯಾಹ್ನ ಹನ್ನೆರಡಕ್ಕೆ ಬಯಲಲ್ಲಿ ನಿಂತು ಎರಡು ಸರ್ವೆ ನಂಬರ್ ನಡುವಿನ ತೆಳು ಗೆರೆ ಹುಡುಕಬೇಕು ಅಂದರೆ ಸಾಲುತ್ತಿರಲಿಲ್ಲ. ಹೆಗಲ ಮೇಲಿನ ಟವೆಲನ್ನು ತಲೆಗೂ ಫೋನಿಗೂ ಸೇರಿಸಿ ಹೊದ್ದುಕೊಂಡು ನೋಡುತ್ತಿದ್ದೆ. ಪೋಲರಾಯ್ಡ್ ಕೂಲಿಂಗ್ ಗ್ಲಾಸ್ ಹಾಕಿಕೊಂಡ ದಿನ ಇನ್ನೂ ಕಷ್ಟ. ಫೋನನ್ನು ನೆಟ್ಟಗೆ ಹಿಡಿದರೆ ಸ್ಕ್ರೀನ್ ಪೂರ್ತಿ ಕಪ್ಪು, ಅಡ್ಡ ತಿರುಗಿಸಿದರೆ ಕಾಣುತ್ತಿತ್ತು. ಅಮೊಲೆಡ್ ಬಂದ ಮೇಲೆ ಟವೆಲ್ ಹೆಗಲ ಮೇಲೇ ಉಳಿಯಿತು. ಬಿಸಿಲು ಬಿದ್ದ ಕೂಡಲೇ ಸ್ಕ್ರೀನ್ ತಾನಾಗಿ ಬೆಳಕು ಏರಿಸಿಕೊಳ್ಳುತ್ತದೆ. ಹೊರಗಿನ ಕೆಲಸದವರು ಎಲ್‌ಸಿಡಿಗಿಂತ ಇದಕ್ಕೆ ಜಾಸ್ತಿ ದುಡ್ಡು ಕೊಡಬಹುದು ಅಂತ ನಾನು ಹೇಳುವುದು ಈ ಒಂದು ಕಾರಣಕ್ಕೆ. 120 ಹರ್ಟ್ಸ್, ಕೋಟಿ ಬಣ್ಣ, ಇವೆಲ್ಲ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ಆದರೆ ಏಪ್ರಿಲ್, ಮೇ ತಿಂಗಳು ಬೇರೆಯೇ ಕಥೆ. ನಮ್ಮ ಕಡೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಹತ್ತು ನಿಮಿಷ ಫೋನ್ ಬಿಸಿಲಲ್ಲಿದ್ದರೆ ಒಳಗೆ ಕಾವು ಏರಿ, ಫೋನ್ ತನ್ನನ್ನು ಕಾಪಾಡಿಕೊಳ್ಳಲು ಬೆಳಕನ್ನು ಇಳಿಸಿಬಿಡುತ್ತದೆ. ಆಗ ಬೇವಿನ ನೆರಳಿಗೆ ಹೋಗಿ, ಕವರ್ ಬಿಚ್ಚಿ, ಐದು ನಿಮಿಷ ಗಾಳಿಗೆ ಹಿಡಿಯಬೇಕು. ನಾನು ಈಗ ಬೇಸಿಗೆಯಲ್ಲಿ ಅಳತೆಯನ್ನೇ ಬೆಳಿಗ್ಗೆ ಏಳಕ್ಕೆ ಶುರು ಮಾಡುತ್ತೇನೆ.

ಇನ್ನೊಂದು ತೊಂದರೆ ನಿಧಾನಕ್ಕೆ ಬಂತು. ಎರಡು ವರ್ಷ ಆದ ಮೇಲೆ ಒಂದು ದಿನ ಬೂದು ಬಣ್ಣದ ಹಿನ್ನೆಲೆಯಿದ್ದ ಪುಟ ತೆರೆದೆ. ನಡುವೆ ಏನೋ ನೆರಳು ಕಂಡಿತು. ಒರೆಸಿದೆ, ಹೋಗಲಿಲ್ಲ. ದಿಟ್ಟಿಸಿ ನೋಡಿದರೆ ಮ್ಯಾಪ್ ಆ್ಯಪಿನ ಮೇಲಿನ ಪಟ್ಟಿ, ಬಲಗಡೆಯ ಗುಂಡಿ, ಕೆಳಗಿನ ಮೂರು ಗುಂಡಿ, ಎಲ್ಲವೂ ಅಚ್ಚೊತ್ತಿದ ಹಾಗೆ ನಿಂತಿದ್ದವು. ಇದಕ್ಕೆ ಬರ್ನ್-ಇನ್ ಅನ್ನುತ್ತಾರೆ. ಅಮೊಲೆಡ್ ಚುಕ್ಕಿಗಳು ಉರಿದಷ್ಟೂ ಸವೆಯುತ್ತವೆ, ನೀಲಿ ಚುಕ್ಕಿ ಎಲ್ಲಕ್ಕಿಂತ ಬೇಗ. ಪೂರ್ತಿ ಬೆಳಕು, ಜೊತೆಗೆ ಕಾವು, ಅದೇ ಜಾಗದಲ್ಲಿ ಅದೇ ಚಿತ್ರ ಗಂಟೆಗಟ್ಟಲೆ. ನನ್ನ ಕೆಲಸದಲ್ಲಿ ಮೂರೂ ಸೇರಿವೆ. ಫೋಟೊ ನೋಡುವಾಗ, ವಿಡಿಯೊ ನೋಡುವಾಗ ಇದು ಕಾಣುವುದಿಲ್ಲ. ಈಗ ನ್ಯಾವಿಗೇಷನ್ ಗುಂಡಿಗಳನ್ನು ತೆಗೆದು ಬೆರಳು ಸರಿಸುವ ಕ್ರಮಕ್ಕೆ ಬದಲಾಯಿಸಿದ್ದೇನೆ, ಸ್ಕ್ರೀನ್ 30 ಸೆಕೆಂಡಿಗೆ ಆರುವಂತೆ ಇಟ್ಟಿದ್ದೇನೆ. ಆ ನೆರಳು ಅಲ್ಲಿಂದ ಮುಂದೆ ಜಾಸ್ತಿ ಆಗಿಲ್ಲ. ನನ್ನ ಸಹಾಯಕನ ಅಮೊಲೆಡ್ ಫೋನಿನಲ್ಲಂತೂ ವಾರಂಟಿ ಮುಗಿದ ಮೇಲೆ ಮೇಲಿನಿಂದ ಕೆಳಗೆ ಒಂದು ಹಸಿರು ಗೆರೆ ಬಂತು. ಬಿದ್ದಿರಲಿಲ್ಲ, ನೀರು ತಾಗಿರಲಿಲ್ಲ. ಅವನು ಅದನ್ನೇ ಹಾಗೇ ಬಳಸುತ್ತಿದ್ದಾನೆ. ನನ್ನ ಹಳೆಯ ಎಲ್‌ಸಿಡಿಯಲ್ಲಿ ಇಂಥ ಯಾವ ಕಾಟವೂ ಇರಲಿಲ್ಲ.

ನನ್ನ ಹೆಂಡತಿಗೆ ಅಮೊಲೆಡ್ ಆಗಿಬರಲಿಲ್ಲ. ರಾತ್ರಿ ದೀಪ ಆರಿಸಿ ಹದಿನೈದು ನಿಮಿಷ ಓದಿದರೆ ಕಣ್ಣು ಉರಿ, ಹಣೆ ನೋವು ಅನ್ನುತ್ತಿದ್ದಳು. ತುಂಬ ಅಮೊಲೆಡ್ ಸ್ಕ್ರೀನ್‌ಗಳು ಬೆಳಕು ಕಡಿಮೆ ಮಾಡುವುದು ಸೆಕೆಂಡಿಗೆ ನೂರಾರು ಸಲ ಆರಿ ಹೊತ್ತಿಕೊಂಡು. ಕಣ್ಣಿಗೆ ಕಾಣದಿದ್ದರೂ ಕೆಲವರಿಗೆ ತಡೆಯಲು ಆಗುವುದಿಲ್ಲ. ಬೆಳಕು ಇಳಿಸಿ, ಇನ್ನೊಂದು ಫೋನಿನ ಕ್ಯಾಮೆರಾ ಹಿಡಿದು ನೋಡಿ, ಸ್ಕ್ರೀನಿನ ಮೇಲೆ ಕಪ್ಪು ಪಟ್ಟಿಗಳು ಓಡುವುದು ಕಾಣುತ್ತದೆ. ಅವಳಿಗೆ ಎಲ್‌ಸಿಡಿ ಫೋನೇ ತಂದುಕೊಟ್ಟೆ. ಈಗ ಆ ದೂರು ಇಲ್ಲ.

ಇನ್ನು ಗಾಜು. ನನಗೆ ಜಾಸ್ತಿ ಹೇಳಬೇಕಾಗಿರುವುದು ಇದರ ಬಗ್ಗೆಯೇ.

ಅಂಗಡಿಯಲ್ಲಿ ಸ್ಕ್ರೀನಿನ ಮೇಲೆ ಅಂಟಿಸುವ ಟೆಂಪರ್ಡ್ ಗ್ಲಾಸ್, ಅಂದರೆ ಗಾರ್ಡ್, ತೋರಿಸುವಾಗ ಕಟ್ಟರ್ ಬ್ಲೇಡಿನಿಂದ ಕೆರೆದು ತೋರಿಸುತ್ತಾರೆ, ಅಲ್ವಾ? ಗೀರು ಬೀಳುವುದಿಲ್ಲ. ನಾನೂ ನೋಡಿ ನಂಬಿದ್ದೆ. ಆದರೆ ಸಾಧಾರಣ ಉಕ್ಕು ಗಾಜಿಗಿಂತ ಮೆತ್ತಗೆ. ಬೀಗದ ಕೈ, ನಾಣ್ಯ, ಬ್ಲೇಡು, ಇವು ಒಳ್ಳೆಯ ಗಾಜಿಗೆ ಗೀರು ಹಾಕಲಾರವು. ಗೀರು ಹಾಕುವುದು ಮರಳು. 1812ರಲ್ಲಿ ಫ್ರೀಡ್ರಿಕ್ ಮೋಸ್ ಮಾಡಿದ ಗಡಸುತನದ ಅಳತೆಪಟ್ಟಿಯಲ್ಲಿ ವಜ್ರಕ್ಕೆ 10, ಬೆಣಚುಕಲ್ಲಿಗೆ 7. ಫೋನಿನ ಗಾಜುಗಳಿಗೆ ಸಾಮಾನ್ಯವಾಗಿ 6ರಲ್ಲಿ ಸಣ್ಣ ಗೀರು ಶುರುವಾಗಿ 7ರಲ್ಲಿ ಆಳವಾಗುತ್ತದೆ. ಮರಳಿನಲ್ಲಿ ಇರುವುದು ಮುಖ್ಯವಾಗಿ ಬೆಣಚೇ. ನಮ್ಮ ಕಡೆಯ ಗ್ರಾನೈಟ್ ಗುಡ್ಡಗಳ ಪುಡಿಯಲ್ಲೂ ಅದೇ. ಜೇಬಿನ ಮೂಲೆಯಲ್ಲಿ ಕೂತ ಒಂದು ಕಾಳು ಮರಳು, ಬೈಕ್ ಮೇಲೆ ಹೋಗುವಾಗ ತೊಡೆಗೂ ಫೋನಿಗೂ ನಡುವೆ ಉಜ್ಜುತ್ತಾ ಇರುತ್ತದೆ. ಧೂಳು ಕೂತ ಸ್ಕ್ರೀನನ್ನು ಅಂಗಿಯ ತುದಿಯಿಂದ ಒತ್ತಿ ಒರೆಸಿದರೂ ಅಷ್ಟೇ. ಮೊದಲು ಊದಬೇಕು, ಆಮೇಲೆ ಒರೆಸಬೇಕು. ಇದನ್ನು ಕಲಿಯಲು ನನಗೆ ಒಂದು ವರ್ಷ ಬೇಕಾಯಿತು.

ಗಾರ್ಡ್ ಡಬ್ಬಿಯ ಮೇಲೆ 9ಎಚ್ ಅಂತ ಬರೆದಿರುತ್ತಾರಲ್ಲ, ಅದು ಈ ಪಟ್ಟಿಯ 9 ಅಲ್ಲ. ಅದು ಪೆನ್ಸಿಲ್ ಪರೀಕ್ಷೆ. 9ಎಚ್ ಅನ್ನುವ ಗಡಸು ಪೆನ್ಸಿಲ್ ಒತ್ತಿ ಎಳೆದರೆ ಗೀರು ಬೀಳುವುದಿಲ್ಲ ಅಂತ ಅರ್ಥ. ಮೋಸ್ ಪಟ್ಟಿಯ 9 ಅಂದರೆ ಮಾಣಿಕ್ಯ, ನೀಲಮಣಿಯ ಗಡಸು. ನೂರು ರೂಪಾಯಿಯ ಗಾಜಿಗೆ ಅದು ಎಲ್ಲಿಂದ ಬರಬೇಕು?

ಹಾಗಾದರೆ ಫೋನಿನ ಗಾಜು ಗಟ್ಟಿ ಅನ್ನುವುದು ಸುಳ್ಳೇ? ಅಲ್ಲ, ಅದರ ಗಟ್ಟಿತನ ಬೇರೆ ಥರದ್ದು. ಗೊರಿಲ್ಲಾ ಗ್ಲಾಸ್‌ನಂಥ ಗಾಜನ್ನು ಸುಮಾರು 400 ಡಿಗ್ರಿ ಕಾವಿನಲ್ಲಿ ಕರಗಿದ ಪೊಟ್ಯಾಸಿಯಂ ಉಪ್ಪಿನಲ್ಲಿ ಅದ್ದಿಡುತ್ತಾರೆ. ಗಾಜಿನ ಮೇಲ್ಪದರದ ಸಣ್ಣ ಸೋಡಿಯಂ ಕಣಗಳು ಹೊರಬಂದು, ಆ ಜಾಗಕ್ಕೆ ದೊಡ್ಡ ಪೊಟ್ಯಾಸಿಯಂ ಕಣಗಳು ಹೋಗಿ ಕೂರುತ್ತವೆ. ಬಸ್ಸಿನಲ್ಲಿ ಮೂರು ಮಕ್ಕಳು ಕೂತಿದ್ದ ಸೀಟಿನಲ್ಲಿ ಮೂವರು ದೊಡ್ಡವರು ಕೂತ ಹಾಗೆ. ಒಬ್ಬರನ್ನೊಬ್ಬರು ಒತ್ತುತ್ತಾರೆ, ನಡುವೆ ಸಂದೇ ಉಳಿಯುವುದಿಲ್ಲ. ಗಾಜು ಒಡೆಯುವುದು ಸಣ್ಣ ಬಿರುಕು ಬಾಯಿ ತೆರೆದು ಮುಂದೆ ಓಡಿದಾಗ. ಈ ಒತ್ತಡ ಆ ಬಾಯಿಯನ್ನು ಮುಚ್ಚಿ ಹಿಡಿದಿರುತ್ತದೆ. ಗೊರಿಲ್ಲಾ ಗ್ಲಾಸ್ ಮಾಡುವ ಅಮೆರಿಕದ ಕಾರ್ನಿಂಗ್ ಕಂಪನಿ 2007ರ ಮೊದಲ ಐಫೋನ್‌ಗೆ ಕೊಟ್ಟಿದ್ದು ಇಂಥ ಗಾಜು. ಅದರ 2020ರ ವಿಕ್ಟಸ್ ಅನ್ನುವ ಗಾಜು ಎರಡು ಮೀಟರ್ ಎತ್ತರದಿಂದ ಗಟ್ಟಿಯಾದ ಒರಟು ನೆಲಕ್ಕೆ ಬಿದ್ದರೂ ತಡೆಯಬಲ್ಲದು ಅಂತಲೂ, 2022ರ 'ವಿಕ್ಟಸ್ 2' ಅನ್ನುವ ಗಾಜು ಕಾಂಕ್ರೀಟ್‌ನಂಥ ನೆಲದ ಮೇಲೆ ಒಂದು ಮೀಟರ್ ಎತ್ತರದಿಂದ ಬಿದ್ದರೂ ತಡೆಯಬಲ್ಲದು ಅಂತಲೂ ಕಂಪನಿ ಹೇಳಿದೆ. ಅದು ಹೊಸ ಗಾಜಿನ ಲೆಕ್ಕ. ಆಳವಾದ ಒಂದು ಗೀರು ಆ ಒತ್ತಡದ ಪದರವನ್ನೇ ದಾಟಿದರೆ, ಬೀಳುವ ಮೊದಲೇ ಒಡಕಿಗೆ ದಾರಿ ಮಾಡಿಕೊಟ್ಟ ಹಾಗೆ.

ಇದನ್ನು ನಾನು ನನ್ನ ಕಣ್ಣಾರೆ ಕಂಡೆ. 2023ರಲ್ಲಿ ಗಾರ್ಡ್ ಒಡೆದುಹೋಗಿತ್ತು. ಹೊಸದು ಹಾಕಿಸಲು ಪುರುಸೊತ್ತಾಗದೆ ಸುಮಾರು ಒಂದು ತಿಂಗಳು ಹಾಗೇ ಓಡಾಡಿದೆ. ಎರಡು ಗೀರು ಬಿದ್ದವು, ಒಂದು ಉಗುರಿಗೆ ಸಿಗುವಷ್ಟು ಆಳ. ಒಂದು ದಿನ ಬಾಂದು ಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಫೋಟೊ ತೆಗೆಯುವಾಗ ಫೋನ್ ಜಾರಿತು. ಎರಡಡಿ ಎತ್ತರ ಇರಲಿಲ್ಲ. ಪಕ್ಕದಲ್ಲಿದ್ದ ರೈತರು "ಸಾಹೇಬ್ರ, ಫೋನ್ ಉಳೀತೇನ್ರಿ?" ಅಂದರು. ಉಳಿದಿರಲಿಲ್ಲ. ಇದಕ್ಕೂ ಮುಂಚೆ ಗಾರ್ಡ್ ಇದ್ದಾಗ ಇದೇ ಫೋನ್ ಎದೆಯೆತ್ತರದಿಂದ ಬಿದ್ದು ಏನೂ ಆಗಿರಲಿಲ್ಲ.

ಗಂಗಾವತಿಯ ರಿಪೇರಿ ಅಂಗಡಿಯ ಹುಡುಗ ಲೆನ್ಸ್ ಕೆಳಗಿಟ್ಟು ನನ್ನನ್ನೇ ಕರೆದು ತೋರಿಸಿದ. ಬಿರುಕು ಹೊರಟಿದ್ದು ಆ ಆಳವಾದ ಗೀರಿನಿಂದಲೇ. ಅಲ್ಲಿಂದ ಎರಡು ಕವಲಾಗಿ ಅಂಚಿನವರೆಗೆ ಹೋಗಿತ್ತು. "ಬರೀ ಗ್ಲಾಸ್ ಹೋಗೈತ್ರಿ, ಒಳಗಿನ ಡಿಸ್ಪ್ಲೇ ಚಲೋ ಐತಿ" ಅಂದ. ಒರಿಜಿನಲ್ ಕಾಂಬೊ, ಅಂದರೆ ಗಾಜು, ಡಿಸ್ಪ್ಲೇ ಎರಡೂ ಸೇರಿದ್ದು, ₹6,500. ಟಿಎಫ್‌ಟಿ ಕಾಪಿ ₹2,200, ಆದರೆ ಅದು ಎಲ್‌ಸಿಡಿ ಜಾತಿಯದು. ಸ್ಕ್ರೀನಿನೊಳಗಿನ ಫಿಂಗರ್‌ಪ್ರಿಂಟ್ ಕೆಲಸ ಮಾಡುವುದಿಲ್ಲ, ಬಿಸಿಲಿಗೂ ಕಾಣುವುದಿಲ್ಲ. ಬರೀ ಗ್ಲಾಸ್ ಬದಲಿಸಲು ₹1,400, ಡಿಸ್ಪ್ಲೇ ಹೋದರೆ ಜವಾಬ್ದಾರಿ ನನ್ನದು. ಒಪ್ಪಿಕೊಂಡು ಅಲ್ಲೇ ಕೂತು ನೋಡಿದೆ. ಬಿಸಿ ಪ್ಲೇಟಿನ ಮೇಲೆ ಸ್ಕ್ರೀನ್ ಇಟ್ಟು, ಕೂದಲಿನಷ್ಟು ತೆಳುವಾದ ತಂತಿಯನ್ನು ಗಾಜಿಗೂ ಡಿಸ್ಪ್ಲೇಗೂ ನಡುವೆ ತೂರಿಸಿ, ಎರಡೂ ಕೈಯಲ್ಲಿ ಹಿಡಿದು ನಿಧಾನಕ್ಕೆ ಗರಗಸದ ಹಾಗೆ ಎಳೆದ. ಗಾಜು ಬಿಟ್ಟುಕೊಂಡಿತು. ಉಳಿದ ಗಮ್ಮನ್ನು ಹೆಬ್ಬೆರಳಿನಿಂದ ಉಜ್ಜುಜ್ಜಿ, ರಬ್ಬರ್ ಹುಡಿಯ ಹಾಗೆ ಸುರುಳಿ ಮಾಡಿ ತೆಗೆದ. ಅದೇ ಅರ್ಧ ಗಂಟೆ ಹಿಡಿಯಿತು. ಅಮೊಲೆಡ್ ಪದರ ಅಷ್ಟು ತೆಳು, ಒಂದು ಕಡೆ ಒತ್ತಿದರೆ ಮುಗಿಯಿತು. ಗಾಳಿ, ತೇವ ಒಳಹೊಕ್ಕರೆ ಮಸಿ ಚೆಲ್ಲಿದ ಹಾಗೆ ಕಪ್ಪು ಕಲೆ ಹರಡುತ್ತಾ ಹೋಗುತ್ತದೆ. ನನ್ನದು ಬದುಕಿತು. ಆ ಹುಡುಗನ ಕೈಗೆ ಅಷ್ಟು ಸಮಾಧಾನ ಇತ್ತು. ಆದರೆ ಬದಲಿಸಿದ ಗಾಜು ಮೂಲದ ಗಾಜಿನಷ್ಟು ಗಟ್ಟಿಯಿಲ್ಲ, ಗಾರ್ಡ್ ಇಲ್ಲದೆ ಒಂದು ದಿನವೂ ಇರಬೇಡಿ ಅಂತ ಅವನೇ ಹೇಳಿ ಕಳಿಸಿದ.

ಎಲ್‌ಸಿಡಿ ಫೋನ್ ಕೂಡ 2021ರಲ್ಲಿ ಒಮ್ಮೆ ಒಡೆದಿತ್ತು. ಜೇಡರ ಬಲೆಯ ಹಾಗೆ ಗಾಜು ಬಿರುಕು ಬಿಟ್ಟರೂ ಟಚ್ ಕೆಲಸ ಮಾಡುತ್ತಿತ್ತು. ಟೇಪ್ ಹಚ್ಚಿ ಮೂರು ತಿಂಗಳು ಓಡಿಸಿದೆ. ಆಮೇಲೆ ಕಾಂಬೊ ಹಾಕಿಸಿದ್ದು ₹1,600ಕ್ಕೆ. ರಿಪೇರಿ ಖರ್ಚಿನಲ್ಲಿ ಎಲ್‌ಸಿಡಿಗೆ ಸಾಟಿಯಿಲ್ಲ.

ಈವರೆಗೆ ಎರಡೂ ಫೋನ್ ಸೇರಿ 11 ಗಾರ್ಡ್ ಹಾಕಿಸಿದ್ದೇನೆ. ಹೆಚ್ಚಿನವು ₹100ರಿಂದ ₹150ರವು. ಒಂದು ಸಲ ₹700ರದ್ದು ಹಾಕಿಸಿದೆ. ಅದರ ಮೇಲೆ ಬೆರಳಿನ ಎಣ್ಣೆ ಕೂರದ ಲೇಪ ಚೆನ್ನಾಗಿತ್ತು, ಐದಾರು ತಿಂಗಳು ನುಣುಪು ಉಳಿಯಿತು. ಗೀರು ಮಾತ್ರ ಅಗ್ಗದ ಗಾರ್ಡಿಗೆ ಬಿದ್ದಷ್ಟೇ ಬಿತ್ತು. ಅಂದಿನಿಂದ ಅಗ್ಗದ್ದನ್ನೇ ಹಾಕಿಸುತ್ತೇನೆ, ಆದರೆ ಗೀರು ಜಾಸ್ತಿ ಆದ ಕೂಡಲೇ, ಮೂಲೆಯ ಚಕ್ಕೆ ಎದ್ದ ಕೂಡಲೇ ಬದಲಿಸುತ್ತೇನೆ. ಗಾರ್ಡಿನ ಕೆಲಸ ಗೀರು ತಿನ್ನುವುದು, ಕೆಳಗಿನ ಗಾಜನ್ನು ಹೊಸದಾಗಿ ಉಳಿಸುವುದು. ಮೂಲೆಗೆ ಬಿದ್ದ ಏಟು ತಡೆಯುವುದು ಕವರ್. ಸ್ಕ್ರೀನಿಗಿಂತ ಸ್ವಲ್ಪ ಎತ್ತರದ ಅಂಚು ಇರುವ ಕವರನ್ನೇ ತಗೊಳ್ಳಿ.

ಪಕ್ಕದವರಿಗೆ ಸ್ಕ್ರೀನ್ ಕಾಣದಂತೆ ಮಾಡುವ ಪ್ರೈವಸಿ ಗಾರ್ಡ್ ಹೊರಗಿನ ಕೆಲಸಕ್ಕೆ ಬೇಡವೇ ಬೇಡ, ಸ್ಕ್ರೀನ್ ಮಂಕಾಗುತ್ತದೆ. ಮ್ಯಾಟ್ ಗಾರ್ಡ್ ಹೊಳಪು ತಗ್ಗಿಸುತ್ತದೆ, ಆದರೆ ನಕ್ಷೆಯ ಸಣ್ಣ ಅಕ್ಷರ ಮಸುಕು. ಪ್ಲಾಸ್ಟಿಕ್ ಹಾಳೆಯಂಥ ಹೈಡ್ರೋಜೆಲ್ ಗೀರಿಗೆ ಸರಿ, ಬಿದ್ದರೆ ಅದರಿಂದ ಏನೂ ಆಗದು. ಅಂಚು ಬಾಗಿದ ಸ್ಕ್ರೀನಿಗೆ ಯುವಿ ಗಮ್ ಸುರಿದು ಗಾಜು ಅಂಟಿಸುತ್ತಾರೆ. ಗೆಳೆಯನ ಫೋನಿನಲ್ಲಿ ಆ ಗಮ್ ಸ್ಪೀಕರ್ ತೂತಿಗೆ ಇಳಿದು ಮಾತೇ ಕೇಳದಂತಾಯಿತು. ಗಾರ್ಡ್ ಬದಲಿಸಿದ ಮೇಲೆ ಬೆರಳಚ್ಚನ್ನು ಮತ್ತೆ ದಾಖಲಿಸಿ, ಇಲ್ಲದಿದ್ದರೆ ಫೋನ್ ನಾಲ್ಕು ಸಲ ಕೇಳುತ್ತದೆ.

ಹೋದ ತಿಂಗಳು ತಂಗಿಯ ಮಗನಿಗೆ ಫೋನ್ ನೋಡುತ್ತಿದ್ದೆವು. ಎರಡು ಮಾಡೆಲ್ ಅವನಿಗೆ ಹಿಡಿಸಿದ್ದವು, ಎರಡೂ ಅಮೊಲೆಡ್, ಬೆಲೆಯೂ ಹೆಚ್ಚುಕಮ್ಮಿ ಒಂದೇ. ಶೋರೂಮಿಗೆ ಹೋಗುವ ಮೊದಲು ಅವನನ್ನು ಅದೇ ರಿಪೇರಿ ಅಂಗಡಿಗೆ ಕರೆದುಕೊಂಡು ಹೋಗಿ, ಎರಡರ ಡಿಸ್ಪ್ಲೇ ರೇಟು ಕೇಳಿದೆ. ಬಾಗಿದ ಸ್ಕ್ರೀನಿನದಕ್ಕೆ ₹11,000 ಅಂದರು, ಚಪ್ಪಟೆಯದಕ್ಕೆ ₹5,500. ಅವನು ಸ್ವಲ್ಪ ಹೊತ್ತು ಸುಮ್ನೆ ನಿಂತ. ಆಮೇಲೆ ಚಪ್ಪಟೆಯದನ್ನೇ ತಗೊಂಡ. ಮನೆಗೆ ಹೋಗುವ ಮುಂಚೆ ಅಲ್ಲೇ ನಿಂತು ₹120ರ ಗಾರ್ಡ್ ಹಾಕಿಸಿದೆವು.