ಮೆಗಸ್ತನೀಸನೋ, ಕ್ಟೀಸಿಯಸನೋ?

ಈ ಇಬ್ಬರು ಪ್ರಾಚೀನ ಗ್ರೀಕರೂ ಭಾರತದ ಬಗ್ಗೆ ‘ಇಂಡಿಕಾ’ ಎಂಬ ಪುಸ್ತಕ ಬರೆದರು, ಎರಡೂ ಕಳೆದುಹೋದವು; ಬೇರೆಯವರು ಉಳಿಸಿದ ಸಾರಾಂಶ, ತುಣುಕುಗಳಷ್ಟೇ ಸಿಗುತ್ತವೆ. ಯಾರನ್ನು ಮೊದಲು ಓದುವುದು?

ನಂಬಿಕೆಯಲ್ಲಿ ಮೆಗಸ್ತನೀಸನೇ ಮುಂದೆ. ಚಂದ್ರಗುಪ್ತ ಮೌರ್ಯನ ಆಸ್ಥಾನಕ್ಕೆ ಬಂದ ರಾಯಭಾರಿ ಅವನು. ಪಾಟಲಿಪುತ್ರದ ಮರದ ಕೋಟೆಗೆ 570 ಬುರುಜು, 64 ಬಾಗಿಲು ಎನ್ನುತ್ತಾನೆ. ಅದೇ ಊರಾದ ಈಗಿನ ಪಾಟ್ನಾದಲ್ಲಿ ಅಗೆದಾಗ ಮರದ ಗೋಡೆ ನಿಜಕ್ಕೂ ಸಿಕ್ಕಿತು. ಹಾಗಂತ ಸುಮ್ನೆ ಎಲ್ಲವನ್ನೂ ನಂಬಬೇಡಿ, ಚಿನ್ನ ಅಗೆಯುವ ಇರುವೆಗಳೂ ಅವನಲ್ಲಿವೆ! ಕ್ಟೀಸಿಯಸ್ ಪರ್ಷಿಯಾದ ದೊರೆ 2ನೇ ಅರ್ಟಾಕ್ಸರ್ಕ್ಸೀಸನ ವೈದ್ಯ. ಭಾರತದ ಬಗ್ಗೆ ಅಲ್ಲಿ ಕೇಳಿದ್ದನ್ನೇ ಬರೆದ.

ಓದಲು ಸುಲಭ ಕ್ಟೀಸಿಯಸ್. 9ನೇ ಶತಮಾನದ ಬೈಜಾಂಟೈನ್ ವಿದ್ವಾಂಸ ಫೋಟಿಯಸ್ ಮಾಡಿದ ಸಾರಾಂಶ ಒಂದೇ ಕಡೆ ಸಿಗುತ್ತದೆ. ಮೆಗಸ್ತನೀಸನನ್ನು ನಂತರದ ಪ್ರಾಚೀನ ಲೇಖಕರಾದ ಸ್ಟ್ರಾಬೋ, ಅರಿಯನ್, ಡಿಯೊಡೋರಸರ ಪುಸ್ತಕಗಳಿಂದ ಹೆಕ್ಕಬೇಕು.

ಮೌರ್ಯರ ಕಾಲ ಬೇಕಿದ್ದರೆ ಮೆಗಸ್ತನೀಸ್. ಅರಮನೆಯ ಒಳಸಂಚು ಇಷ್ಟವಾದರೆ ಕ್ಟೀಸಿಯಸ್ ಪರ್ಷಿಯಾದ ಬಗ್ಗೆ ಬರೆದ ‘ಪರ್ಸಿಕಾ’ದ ತುಣುಕು ಹಿಡಿಯಿರಿ, ಮಜಾ ಜಾಸ್ತಿ.